125 ಸಿಸಿ ಗಾಡಿ, ಐದು ವರ್ಷ, 46 ಸಾವಿರ ಕಿ.ಮೀ.: ಇಂಜಿನ್ ಗಟ್ಟಿ, ಹ್ಯಾಂಡಲ್ ಬುಡದ ವೈರಿಂಗ್ ದಗಾ

2021ರ ಮಾಡೆಲ್, ಬಿಎಸ್‌6, ಫ್ಯುಯೆಲ್ ಇಂಜೆಕ್ಷನ್. ಓಡಾಟವೆಲ್ಲ ಹುಬ್ಬಳ್ಳಿ–ಧಾರವಾಡ ನಡುವೆ, ಆಗಾಗ ನವಲಗುಂದದ ಕಡೆಯ ಎರೆ ಮಣ್ಣಿನ ದಾರಿಯಲ್ಲಿ. ಮೈಲೇಜ್ ಈಗಲೂ ಲೀಟರಿಗೆ 55ರ ಆಸುಪಾಸು. ಹಿಂದಿನ ಟೈರ್ 24 ಸಾವಿರಕ್ಕೆ, ಚೈನ್ ಸೆಟ್ 27 ಸಾವಿರಕ್ಕೆ ಬದಲಾದವು. ಇಷ್ಟಕ್ಕೆ ಯಾರೂ ದೂರುವುದಿಲ್ಲ.

ತಕರಾರು ಒಂದೇ, ಆದರೆ ಕೈಕಾಲು ಮುರಿಯುವಂಥದ್ದು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಇಂಜಿನ್ ಒಮ್ಮೆಲೆ ಬಂದ್ ಆಗುತ್ತದೆ. ಹೆಡ್‌ಲೈಟ್ ಹಿಂದೆ ವೈರಿಂಗ್ ಕಟ್ಟನ್ನು ಫ್ಯಾಕ್ಟರಿಯಲ್ಲೇ ಸಡಿಲ ಬಿಡದೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದಿದ್ದಾರೆ. ಪ್ರತಿ ತಿರುವಿನಲ್ಲೂ ಅದು ಜಗ್ಗುತ್ತದೆ, ಚಾಸಿಗೆ ಉಜ್ಜುತ್ತದೆ. ಮೇಲಿನ ಪ್ಲಾಸ್ಟಿಕ್ ಸರಿಯಿದ್ದರೂ ಒಳಗೆ ತಾಮ್ರದ ಎಳೆ ಒಂದೊಂದೇ ಕಡಿಯುತ್ತವೆ. ಯು-ಟರ್ನ್ ಹೊಡೆಯುವಾಗ ಗಾಡಿ ವಾಲಿರುತ್ತದೆ, ವೇಗ ಕಡಿಮೆ ಇರುತ್ತದೆ. ಆಗ ಇಂಜಿನ್ ನಿಂತರೆ ಗಾಡಿ ಅದೇ ಮಗ್ಗುಲಿಗೆ ಮಲಗುತ್ತದೆ. ಮುಂಗೈ ಮತ್ತು ಕಾಲರ್ ಬೋನ್ ಮುರಿಯುವುದು ಇಂಥ ಬೀಳುವಿಕೆಯಲ್ಲೇ.

ಗ್ಯಾರೇಜಿನಲ್ಲಿ ಮೊದಲು ಪ್ಲಗ್, ಆಮೇಲೆ ಬ್ಯಾಟರಿ, ಕೊನೆಗೆ ಫ್ಯುಯೆಲ್ ಪಂಪ್ ಬದಲಿಸಿ ದುಡ್ಡು ಖಾಲಿ ಮಾಡಿಸುತ್ತಾರೆ. ಅದಕ್ಕೂ ಮುಂಚೆ ಹೀಗೆ ನೋಡಿ: ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿ. ಇಂಜಿನ್ ಜೊತೆ ಮೀಟರೂ ಆರಿ ಮತ್ತೆ ಹತ್ತಿದರೆ ಮೇನ್ ಸಪ್ಲೈ ವೈರ್ ಅಥವಾ ಕೀ ಸ್ವಿಚ್ಚಿನ ವೈರ್ ಕಡಿದಿದೆ. ಮೀಟರ್ ಉರಿಯುತ್ತಲೇ ಇದ್ದು ಇಂಜಿನ್ ಮಾತ್ರ ನಿಂತರೆ ಕಿಲ್ ಸ್ವಿಚ್ (ಹ್ಯಾಂಡಲಿನಲ್ಲಿ ಇಂಜಿನ್ ಆರಿಸುವ ಸ್ವಿಚ್) ಮತ್ತು ಅದರ ವೈರ್ ನೋಡಬೇಕು. ಹ್ಯಾಂಡಲ್ ತಿರುಗಿಸದೆಯೂ ಓಡುವಾಗ ನಿಲ್ಲುತ್ತಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಬೇಕು. ಎರೆ ಮಣ್ಣು ಮೆತ್ತಿ ಒಣಗಿದರೆ ಈ ಸ್ವಿಚ್ ಕೈಕೊಡಬಹುದು. ತಿರುಗಿಸಿದಾಗ ಇಂಜಿನ್ ರೇಸ್ ಆದರೆ ಎಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ, ಅದು ಬೇರೆ ರೋಗ.

ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ‘ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಇಂಜಿನ್ ಬಂದ್’ ಎಂದೇ, ಕಿಲೋಮೀಟರ್ ಸಮೇತ ಬರೆಸಿ. ವಾರಂಟಿಯಲ್ಲಿ ಹಳೇ ಭಾಗ ಕಂಪನಿಗೆ ವಾಪಸ್ ಹೋಗುತ್ತದೆ. ಬಿಚ್ಚುವ ಮುಂಚೆ ಕಡಿದ ಜಾಗದ ಫೋಟೊ ತೆಗೆದು, ಪಾರ್ಟ್ ನಂಬರ್ ಬರೆದಿಟ್ಟುಕೊಳ್ಳಿ. ಹೆಚ್ಚಿನ ಲೈಟು, ದೊಡ್ಡ ಹಾರ್ನು ಹಾಕಿಸಲು ಈ ಕಟ್ಟಿಗೆ ಬ್ಲೇಡ್ ತಾಗಿಸಿದರೆ ಮುಂದೆ ಕಂಪನಿ ಮೇಲೆ ಹಾಕುವ ಕೇಸು ಅಲ್ಲಿಗೆ ಸಡಿಲ. ಮಾರ್ಪಡಿಸಿದ ವಸ್ತುವಿನಿಂದ ಹಾನಿಯಾದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಯ (ದೋಷವಿರುವ ವಸ್ತುವಿನಿಂದಾದ ಹಾನಿಗೆ ಪರಿಹಾರ ಕೇಳುವ) ದಾವೆ ಹೂಡುವಂತಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಂ ಹೇಳುತ್ತದೆ. ತಯಾರಕರ ವಕೀಲರೂ ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ಬಿದ್ದು ಪೆಟ್ಟಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ) ಮಾಡಿಸಿ. ಪೊಲೀಸ್ ಪ್ರಕರಣವಾದರೆ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡುತ್ತಾರೆ. ಬ್ರೇಕ್ ಹಿಡಿಯುತ್ತಿದ್ದರೆ ಸಾಕು, ‘ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ’ ಎಂಬ ಒಂದು ಸಾಲು ಬಿದ್ದುಬಿಡಬಹುದು. ಆ ಸಾಲು ಮುಂದೆ ಬಹಳ ಕಾಡುತ್ತದೆ. ವೈರಿಂಗ್ ಪರಿಶೀಲಿಸಿ ಎಂದು ಮೊದಲೇ ಲಿಖಿತ ಅರ್ಜಿ ಕೊಡಿ, ಅವರು ನೋಡುವವರೆಗೆ ರಿಪೇರಿ ಬೇಡ.

ಅದೇ ಗ್ರಾಹಕ ಕಾಯ್ದೆಯ 84ನೇ ಕಲಂ ಪ್ರಕಾರ ತಯಾರಿಕೆಯ ದೋಷಕ್ಕೂ ವಿನ್ಯಾಸದ ದೋಷಕ್ಕೂ ತಯಾರಕನೇ ಹೊಣೆ. ಬಿಗಿದು ಕಟ್ಟಿದ್ದು ಒಂದೇ ಗಾಡಿಯಲ್ಲಾದರೆ ಮೊದಲನೆಯದು, ಎಲ್ಲದರಲ್ಲೂ ಹಾಗೇ ಇದ್ದರೆ ಎರಡನೆಯದು. ಹಾಗಾಗಿ ಅದೇ ಮಾಡೆಲಿನ ಇನ್ನೆರಡು ಗಾಡಿಗಳ ಫೋಟೊ ಸೇರಿಸಿ. ಒಂದು ಸೂಕ್ಷ್ಮವಿದೆ: ಉತ್ಪನ್ನ ಹೊಣೆಯಲ್ಲಿ ‘ಹಾನಿ’ ಎಂದರೆ ಗಾಯ, ಸಾವು, ಬೇರೆ ಆಸ್ತಿಯ ನಷ್ಟ. ಗಾಡಿಯ ರಿಪೇರಿ ಖರ್ಚು ಅದರಲ್ಲಿ ಬರುವುದಿಲ್ಲ, ಅದನ್ನು ದೋಷಯುಕ್ತ ಸರಕು ಎಂದು ಪ್ರತ್ಯೇಕವಾಗಿ ಕೇಳಬೇಕು. ಈ ಭಾಗದವರು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಗಾಡಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿ 1915.

ಇಂಜಿನ್‌ಗೆ ಐದಕ್ಕೆ ನಾಲ್ಕು, ವೈರಿಂಗಿಗೆ ಒಂದು. ಇದೇ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೆಡ್‌ಲೈಟ್ ಬಿಚ್ಚಿಸಿ ಆ ಟ್ಯಾಗ್ ನೋಡಿ. ಹೊಸ ಇನ್ಸುಲೇಶನ್ ಟೇಪ್ ಸುತ್ತಿದ್ದರೆ ಯಾಕೆ ಸುತ್ತಿದ್ದಾರೆಂದು ಕೇಳಿ, ಆಮೇಲೆ ರೇಟು ಮಾತಾಡಿ.