ಒಂದೂವರೆ ವರ್ಷದ ಮಗುಗೆ ಮಾತು ಕಲಿಯೋಕೆ ರೈಮ್ಸ್ ವಿಡಿಯೋನಾ, ಅಡುಗೆಮನೆ ಮಾತಾ?

ವಿಡಿಯೋಲಿ ಪದಗಳು ಬೇಜಾನ್ ಸಿಗತ್ತೆ, ನಮಗೂ ಅರ್ಧ ಗಂಟೆ ಬಿಡುವು, ಅದು ನಿಜ, ಆದ್ರೆ ಮಗು ಏನಾದ್ರೂ ಅಂದ್ರೆ ಫೋನ್ ತಿರುಗಿ ಮಾತಾಡಲ್ವಲ್ಲ. ಅದೇ ಅವರೆಕಾಯಿ ಸುಲಿಯೋವಾಗ ಪಕ್ಕ ಕೂರಿಸ್ಕೊಳ್ಳಿ, ಮಗು ಕಾಳಿನ ಕಡೆ ಬೆರಳು ತೋರ್ಸಿ "ಕಾಲು" ಅನ್ನತ್ತೆ, ತಿದ್ದಕ್ಕೆ ಹೋಗ್ದೆ "ಹೂಂ ಪುಟ್ಟಾ, ಕಾಳು, ಹಸಿರು ಕಾಳು, ಬಟ್ಟಲಿಗೆ ಹಾಕ್ತೀಯಾ?" ಅಂದು ಸ್ವಲ್ಪ ಹೊತ್ತು ಸುಮ್ನೆ ಕಾಯ್ರಿ. ಈ ಕಾಯೋದೇ ಕಷ್ಟ, ನಾವೇ ಉತ್ತರ ಹೇಳ್ಬಿಡ್ತೀವಿ.

ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) 2019ರಲ್ಲೇ ಹೇಳಿದೆ, 2 ವರ್ಷದೊಳಗೆ ಸ್ಕ್ರೀನ್ ಬೇಡ, 2 ತುಂಬಿದ್ಮೇಲೂ ದಿನಕ್ಕೆ 1 ಗಂಟೆ ಮೀರ್ಬಾರ್ದು ಅಂತ. ಚಿತ್ರ, ಪದ ಇರೋ ಫ್ಲ್ಯಾಶ್‌ಕಾರ್ಡ್? ದುಡ್ಡು ದಂಡ ಅನ್ಸತ್ತೆ ನಂಗೆ. ಅಜ್ಜಿ ಜೊತೆ ವಿಡಿಯೋ ಕಾಲ್ ಬೇರೆ ವಿಷ್ಯ, ಅಜ್ಜಿ ಮಾತಿಗೆ ಮಾತು ಕೊಡ್ತಾರೆ. ಹಾಡೇ ಬೇಕಂದ್ರೆ ನೀವೇ ಹಾಡಿ, ಶ್ರುತಿ ತಪ್ಪಿದ್ರೂ ಮಗು ಕಂಪ್ಲೇಂಟ್ ಮಾಡಲ್ಲ.