ಒಂದೇ ಹಾಡು, ಮೂರು ರೆಕಾರ್ಡಿಂಗ್: ಜಾಯ್ ಡಿವಿಷನ್ ಕೇಳಿದ ಎರಡು ವಾರ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಜಾಯ್ ಡಿವಿಷನ್‌ನ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’ ಹೊರಬಂದದ್ದು 1979ರ ಜೂನ್‌ನಲ್ಲಿ. ಇವತ್ತು ಪೋಸ್ಟ್-ಪಂಕ್ (ಪಂಕ್ ರಾಕ್ ಆದಮೇಲೆ ಬಂದ ಸಂಗೀತ) ಅಂದ ಕೂಡಲೇ ನೆನಪಾಗುವ ಆಲ್ಬಂ ಅದು. ಆದರೆ ಆಗ ಅದು ಬ್ಯಾಂಡಿನವರಿಗೇ ಹಿಡಿಸಿರಲಿಲ್ಲ. ಗಿಟಾರ್ ನುಡಿಸಿದ ಬರ್ನಾರ್ಡ್ ಸಮ್ನರ್, ಬೇಸ್ ಗಿಟಾರ್ ನುಡಿಸಿದ ಪೀಟರ್ ಹುಕ್ ಇಬ್ಬರದೂ ಒಂದೇ ದೂರು. ಸ್ಟೇಜ್ ಮೇಲೆ ಅವರ ಸಂಗೀತ ಜೋರು, ಒರಟು. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಅದರ ಬಿಸಿಯನ್ನೆಲ್ಲ ಆರಿಸಿಬಿಟ್ಟರು ಅಂತ.

ಯಾರ ಮಾತು ಸರಿ? ಇದನ್ನು ಕೇಳಿಯೇ ತಿಳಿಯಬೇಕು. ಅದಕ್ಕೆ ದಾರಿಯೂ ಇದೆ. ‘ಇನ್‌ಸೈಟ್’ ಮತ್ತು ‘ಶೀಸ್ ಲಾಸ್ಟ್ ಕಂಟ್ರೋಲ್’ ಹಾಡುಗಳು ಅದೇ ವರ್ಷದ ಮೂರು ರೆಕಾರ್ಡಿಂಗ್‌ಗಳಲ್ಲಿ ಸಿಗುತ್ತವೆ. ಜನವರಿಯಲ್ಲಿ ಬಿಬಿಸಿ ರೇಡಿಯೋದ ಜಾನ್ ಪೀಲ್ ಕಾರ್ಯಕ್ರಮಕ್ಕೆ ನುಡಿಸಿದ್ದು ಒಂದು. ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಮಾಡಿದ ಆಲ್ಬಂ ಇನ್ನೊಂದು. ಜುಲೈನಲ್ಲಿ ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ಕ್ಲಬ್ಬಿನಲ್ಲಿ ನುಡಿಸಿದ್ದು ಮೂರನೆಯದು. 2007ರಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾದಾಗ ಜೊತೆಗೆ ಬಂದ ಎರಡನೇ ಸಿಡಿಯಲ್ಲಿ ಅದಿದೆ.

ಎರಡು ವಾರ, ರಾತ್ರಿ ಊಟ ಆದಮೇಲೆ, ಒಂದೇ ಹೆಡ್‌ಫೋನ್‌ನಲ್ಲಿ ಮೂರನ್ನೂ ಕೇಳಿದೆ. ನೀವೂ ಹೀಗೆ ಕೇಳುವುದಾದರೆ ಮೂರರ ವಾಲ್ಯೂಮ್ ಮೊದಲು ಒಂದೇ ಮಟ್ಟಕ್ಕೆ ತನ್ನಿ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ಬೇಗ ಒಪ್ಪಿಕೊಂಡುಬಿಡುತ್ತದೆ.

ರೇಡಿಯೋದ್ದು ಮೂರರಲ್ಲಿ ಸರಳ. ಹೆಚ್ಚಿನ ಕೈಚಳಕವಿಲ್ಲ. ನಾಲ್ಕು ಜನ ಒಂದು ಕೋಣೆಯಲ್ಲಿ ನಿಂತು ನುಡಿಸುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಇದರಲ್ಲಿ ‘ಶೀಸ್ ಲಾಸ್ಟ್ ಕಂಟ್ರೋಲ್’ ನನ್ನನ್ನು ಜಾಸ್ತಿ ಕಾಡಿತು. ಗಾಯಕ ಇಯಾನ್ ಕರ್ಟಿಸ್ ಮ್ಯಾಕಲ್ಸ್‌ಫೀಲ್ಡ್ ಊರಿನ ಉದ್ಯೋಗ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಮೂರ್ಛೆರೋಗ ಇದ್ದ ಒಬ್ಬ ಹುಡುಗಿಯನ್ನು ಕಂಡಿದ್ದರು. ಆಕೆ ಆಮೇಲೆ ತೀರಿಕೊಂಡಳು. ಹಾಡು ಹುಟ್ಟಿದ್ದು ಅಲ್ಲಿಂದ. ರೇಡಿಯೋಗೆ ಹಾಡಿದ ಅದೇ ಜನವರಿಯಲ್ಲಿ ಕರ್ಟಿಸ್‌ಗೂ ಅದೇ ರೋಗ ಇದೆ ಅಂತ ಡಾಕ್ಟರು ಹೇಳಿದ್ದರು. ಇದು ಗೊತ್ತಿದ್ದೂ ಆ ಧ್ವನಿಯನ್ನು ಸುಮ್ನೆ ಕೇಳಿ ಮುಗಿಸಲು ನನ್ನಿಂದ ಆಗಲಿಲ್ಲ.

ಇನ್ನು ಆಲ್ಬಂ. ಇಲ್ಲಿ ಹ್ಯಾನೆಟ್ ಮಾಡಿದ್ದು ಬೇರೆಯದೇ ಕೆಲಸ. ಡ್ರಮ್ಮರ್ ಸ್ಟೀಫನ್ ಮಾರಿಸ್‌ಗೆ ಡ್ರಮ್‌ಗಳನ್ನು ಒಟ್ಟಿಗೆ ನುಡಿಸಲು ಬಿಡದೆ ಒಂದೊಂದನ್ನೇ ಬೇರೆಯಾಗಿ ರೆಕಾರ್ಡ್ ಮಾಡಿಸಿದರು. ಒಂದರ ಸದ್ದು ಇನ್ನೊಂದರ ಮೈಕಿಗೆ ಸೇರಬಾರದು ಅಂತ. ಸದ್ದನ್ನು ಒಂದು ಕ್ಷಣ ತಡೆದು ಮತ್ತೆ ಕೇಳಿಸುವ, ಆಗ ಹೊಸದಾಗಿದ್ದ ಡಿಜಿಟಲ್ ಡಿಲೇ ಯಂತ್ರದಿಂದ ಪ್ರತಿ ಏಟಿಗೂ ಒಂದು ನೆರಳು ಕೊಟ್ಟರು. ಸ್ಟುಡಿಯೋದ ಲಿಫ್ಟ್ ಸದ್ದು, ಬಾಟಲಿ ಒಡೆಯುವ ಸದ್ದು ಎಲ್ಲವೂ ಒಳಗೆ ಬಂದವು. ‘ಇನ್‌ಸೈಟ್’ ಹಾಡನ್ನು ಕರ್ಟಿಸ್ ಟೆಲಿಫೋನ್ ಲೈನ್ ಮೂಲಕ ಹಾಡುವಂತೆ ಮಾಡಿದರು, ಧ್ವನಿ ದೂರದಿಂದ ಬರಲಿ ಅಂತ. ಹೆಡ್‌ಫೋನ್‌ನಲ್ಲಿ ಆ ದೂರ ನಿಜಕ್ಕೂ ತಟ್ಟುತ್ತದೆ. ರೇಡಿಯೋದಲ್ಲಿ ಎದುರಿಗೆ ನಿಂತಿದ್ದ ಮನುಷ್ಯ ಇಲ್ಲಿ ಉದ್ದನೆಯ ಖಾಲಿ ಓಣಿಯ ಆ ತುದಿಗೆ ಹೋಗಿಬಿಟ್ಟಿದ್ದಾನೆ. ಅದೇ ಪದ, ಅದೇ ರಾಗ, ಆದರೆ ಒಂಟಿತನ ಎರಡು ಪಟ್ಟು. ಈ ಹಾಡಿನ ಮಟ್ಟಿಗೆ ಸ್ಟುಡಿಯೋದ ಹತ್ತಿರಕ್ಕೂ ಬೇರೆ ಎರಡು ಬರುವುದಿಲ್ಲ.

ಬೇಸ್ ಕೂಡ ಇಲ್ಲೇ ಸ್ಪಷ್ಟ. ಹುಕ್ ಅವರ ಹಳೆಯ ಆಂಪ್ಲಿಫೈಯರ್‌ನಲ್ಲಿ ಕೆಳಗಿನ ಸ್ವರ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಮೇಲಿನ ಸ್ವರಗಳಲ್ಲಿ ನುಡಿಸುವ ಅಭ್ಯಾಸ ಮಾಡಿಕೊಂಡರು. ಹಾಡಿನ ರಾಗವನ್ನು ಹೊರುವುದು ಹೆಚ್ಚು ಸಲ ಬೇಸೇ. ಹ್ಯಾನೆಟ್ ಅದರ ಸುತ್ತ ಜಾಗ ಬಿಟ್ಟರು. ಆ ಜಾಗವನ್ನೇ ಬ್ಯಾಂಡಿನವರು ತಣ್ಣಗಾಯಿತು ಅಂದುಕೊಂಡರು.

ಹಾಗಂತ ಅವರ ದೂರು ಸುಳ್ಳಲ್ಲ. ಫ್ಯಾಕ್ಟರಿ ಕ್ಲಬ್ಬಿನ ‘ಷ್ಯಾಡೋಪ್ಲೇ’ ಹಾಕಿ ನೋಡಿ. ಆಲ್ಬಂನಲ್ಲಿ ಹಿಂದೆ ನಿಂತಿದ್ದ ಗಿಟಾರ್ ಇಲ್ಲಿ ಗೋಡೆಯ ಹಾಗೆ ಎದುರು ಬರುತ್ತದೆ. ಕರ್ಟಿಸ್ ಧ್ವನಿ ಒರಟಾಗಿದೆ, ಅವಸರದಲ್ಲಿದೆ. ‘ಡಿಸಾರ್ಡರ್’ ಅಂತೂ ಉಸಿರಾಡಲು ಬಿಡುವುದಿಲ್ಲ. ರಾತ್ರಿ ರಾತ್ರಿ ಹೀಗೆ ನುಡಿಸುವ ಹುಡುಗರಿಗೆ ಆ ಆಲ್ಬಂ ಕೇಳಿದಾಗ ಏನನಿಸಿರಬೇಕು ಅಂತ ನನಗೆ ಅರ್ಥವಾದದ್ದು ಐದನೇ ರಾತ್ರಿ, ಈ ಸಿಡಿಯಿಂದ. ಸಿಟ್ಟು ಬಂದೇ ಬರುತ್ತದೆ, ಅಲ್ವಾ? ಆದರೆ ಇದೇ ಸ್ಟೇಜ್ ಮೇಲೆ ‘ಇನ್‌ಸೈಟ್’ ಸಾದಾ ರಾಕ್ ಹಾಡಾಗಿಬಿಡುತ್ತದೆ.

ಲೈವ್ ಸಿಡಿಯನ್ನು ಹೆಡ್‌ಫೋನ್‌ಗಿಂತ ಸ್ಪೀಕರ್‌ನಲ್ಲಿ ಕೇಳಿ. ಆಲ್ಬಂಗೆ ಹೆಡ್‌ಫೋನ್ ಬೇಕೇ ಬೇಕು. ಬಸ್ಸಿನಲ್ಲಿ ಕೇಳಿದರೆ ಅದರ ಸಣ್ಣ ಸದ್ದುಗಳೆಲ್ಲ ಎಂಜಿನ್ ಗದ್ದಲದಲ್ಲಿ ಮುಳುಗುತ್ತವೆ, ಉಳಿಯುವುದು ಅರ್ಧ ಆಲ್ಬಂ.

ಜನ ಒಪ್ಪಿಕೊಂಡದ್ದು ನಿಧಾನವಾಗಿ. ಪತ್ರಿಕೆಗಳು ಮೊದಲಿಂದಲೂ ಹೊಗಳಿದವು, ‘ಮೆಲೊಡಿ ಮೇಕರ್’ನಲ್ಲಿ ಜಾನ್ ಸ್ಯಾವೇಜ್ ಬರೆದದ್ದೂ ಅಂಥದ್ದೇ. ಆಲ್ಬಂ ಹೊರತಂದ ಕಂಪನಿ ಫ್ಯಾಕ್ಟರಿ ರೆಕಾರ್ಡ್ಸ್ ಮೊದಲಿಗೆ ಒತ್ತಿಸಿದ್ದು 10,000 ಪ್ರತಿ. ಬ್ರಿಟನ್ನಿನ ಮುಖ್ಯ ಆಲ್ಬಂ ಪಟ್ಟಿಯಲ್ಲಿ 71ನೇ ಸ್ಥಾನ ಸಿಕ್ಕಿದ್ದು 1980ರ ಆಗಸ್ಟ್‌ನಲ್ಲಿ. ಆ ಮೇ ತಿಂಗಳಲ್ಲೇ ಕರ್ಟಿಸ್ ತಮ್ಮ 23ನೇ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡಿದ್ದರು. ಹ್ಯಾನೆಟ್ ಮಾಡಿದ್ದು ಒಳ್ಳೆಯ ಕೆಲಸ ಅಂತ ಹುಕ್ ಬಹಳ ವರ್ಷಗಳ ಮೇಲೆ ಒಪ್ಪಿಕೊಂಡರು.

ನನ್ನ ಆಯ್ಕೆ ಆಲ್ಬಂ. ಆದರೆ ‘ಷ್ಯಾಡೋಪ್ಲೇ’ ಕೇಳಬೇಕು ಅನಿಸಿದಾಗ ನಾನೀಗ ಹಾಕುವುದು ಜುಲೈ ರಾತ್ರಿಯದನ್ನೇ.