ಕಣ್ಣಾಗ ಸೂಜಿ ಅಂದ್ರ ಅಪ್ಪ ಎದ್ದೇ ಹೊರಟಿದ್ದ: ಹುಬ್ಬಳ್ಳಿಯ ಒಬ್ಬ ರೆಟಿನಾ ಡಾಕ್ಟರ ಬಗ್ಗೆ
ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು 16 ವರ್ಷ. ಪೇಪರಿನ ಸಾಲು ಸೊಟ್ಟಗೆ ಕಾಣುತ್ತವೆ ಅಂತ ಗೊಣಗಲು ಶುರು ಮಾಡಿ ಆರು ತಿಂಗಳಾಗಿತ್ತು. ನಮ್ಮ ಕಡೆಯ ಅಂಗಡಿಯೊಂದರಲ್ಲಿ ಎರಡು ಸಲ ಚಷ್ಮಾ ನಂಬರ್ ಬದಲಿಸಿದರು, ದುಡ್ಡು ಹೋಯಿತು, ಸಾಲು ಮಾತ್ರ ಸೊಟ್ಟಗೇ ಉಳಿದವು. ತಪ್ಪು ನಮ್ಮದೂ ಇದೆ. ಚಷ್ಮಾ ಅಂಗಡಿಗೆ ಹೋದರೆ ಚಷ್ಮಾನೇ ಕೊಡುತ್ತಾರೆ, ಅಲ್ವಾ?

ಕೊನೆಗೆ ಅಣ್ಣಿಗೇರಿಯಿಂದ ಬೆಳಿಗ್ಗೆ ಬಸ್ ಹಿಡಿದು ಹುಬ್ಬಳ್ಳಿಗೆ ಹೋದೆವು. ಡಾಕ್ಟರ ಬಾಗಿಲ ಮೇಲಿನ ಬೋರ್ಡನ್ನು ನಾನು ಪೂರ್ತಿ ಓದಿದೆ, ಕಾಯಲು ಅಷ್ಟು ಹೊತ್ತಂತೂ ಇತ್ತು. ಎಂಬಿಬಿಎಸ್, ಆಮೇಲೆ ಕಣ್ಣಿನ ಎಂಎಸ್, ಕೊನೆಗೆ ವಿಟ್ರಿಯೋ-ರೆಟಿನಾ ಫೆಲೋಶಿಪ್. ನೋಡಬೇಕಾದದ್ದು ಆ ಕೊನೆಯ ಸಾಲನ್ನೇ. ಮೂರು ವರ್ಷದ ಎಂಎಸ್ ಮುಗಿಸಿದರೆ ಕಣ್ಣಿನ ಡಾಕ್ಟರು, ಪೊರೆ ಆಪರೇಷನ್ ಎಲ್ಲ ಮಾಡುತ್ತಾರೆ. ಫೆಲೋಶಿಪ್ ಅಂದರೆ ಅದರ ಮೇಲೆ ಮತ್ತೆ ಒಂದೂವರೆ-ಎರಡು ವರ್ಷ ಬರೀ ಕಣ್ಣಿನ ಹಿಂಬದಿಯ ಪರದೆಯನ್ನೇ, ಅಂದರೆ ರೆಟಿನಾವನ್ನೇ ಕಲಿತವರು.

ಹನಿ ಹಾಕಿ ಪಾಪೆ ಅಗಲ ಮಾಡಿದರು. ಆಮೇಲೆ ಓಸಿಟಿ ಸ್ಕ್ಯಾನ್, ಅಂದರೆ ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯೋದು. ನೋವಿಲ್ಲ, ಗಲ್ಲ ಇಟ್ಟು ಕೂತರೆ ಸಾಕು. ಸ್ಕ್ರೀನಿನಲ್ಲಿ ರೆಟಿನಾ ಉಳ್ಳಾಗಡ್ಡಿ ಪದರಿನ ಹಾಗೆ ಕಾಣಿಸಿತು, ಸಕ್ಕರೆ ಕಾಯಿಲೆಯಿಂದ ನಟ್ಟನಡುವೆ ನೀರು ತುಂಬಿ ಉಬ್ಬಿತ್ತು. ಅದಕ್ಕೇ ಸಾಲು ಸೊಟ್ಟ. ಆ ಉಬ್ಬು ಇಳಿಸಲು ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು ಅಂದಾಗ ಅಪ್ಪ "ಕಣ್ಣಾಗ ಸೂಜಿ? ನಡಿ ಮನಿಗೆ" ಅಂತ ಎದ್ದೇಬಿಟ್ಟ. ಡಾಕ್ಟರು ನಕ್ಕು ಕೂರಿಸಿ, ಮರಗಟ್ಟಿಸೋ ಹನಿ ಹಾಕುತ್ತೇವೆ, ಸೂಜಿ ಒಳಗಿರುವುದು ಕೆಲವೇ ಸೆಕೆಂಡು ಅಂತ ಸಮಾಧಾನವಾಗಿ ಹೇಳಿದರು. ನನಗೆ ಜಾಸ್ತಿ ಹಿಡಿಸಿದ್ದು ಔಷಧಿಯ ಮಾತು. ದುಬಾರಿಯವು ಇವು, ಅಗ್ಗದ್ದು ಬೆವಾಸಿಜುಮ್ಯಾಬ್, ಅದು ಮೊದಲು ಕರುಳಿನ ಕ್ಯಾನ್ಸರಿಗೆ ಬಂದದ್ದು, ಆದರೆ ಕಣ್ಣಿಗೆ ಬಳಸುವುದು ಎಷ್ಟೋ ವರ್ಷದಿಂದ ರೂಢಿಯಲ್ಲಿದೆ ಅಂತ ಎಲ್ಲ ಬಿಡಿಸಿಟ್ಟರು. ದುಬಾರಿಯದ್ದೇ ತಗೊಳ್ಳಿ ಅಂತ ಒತ್ತಲಿಲ್ಲ. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಚೀಟಿ ಬರೆದು ಕೊಡುತ್ತೇನೆ ಅಂದರು.

ಈಗ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆಗಿವೆ. ಅಂಚಿನ ಕಡೆ ಹೊಸ ರಕ್ತನಾಳ ಬೆಳೆದಿದ್ದಕ್ಕೆ ಲೇಸರ್ ಬೇರೆ. ಲೇಸರ್‌ನಿಂದ ಹೋದ ದೃಷ್ಟಿ ಬರಲ್ಲ, ಇರುವುದು ಉಳಿಯುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಬೇಜಾರಿಲ್ಲ. ಸಾಲುಗಳು ಸ್ವಲ್ಪ ನೆಟ್ಟಗಾಗಿವೆ.

ರೆಟಿನಾ ತನ್ನ ಜಾಗದಿಂದ ಕಿತ್ತು ಬಂದವರು, ಅಂದರೆ ಮಿಂಚು ಹೊಡೆದ ಹಾಗಾಗಿ ಕಣ್ಣಿಗೆ ಅರ್ಧ ಪರದೆ ಇಳಿದವರು, ಅವರೂ ಇಲ್ಲಿಗೇ ಬರುತ್ತಾರೆ. ಒಬ್ಬ ತಾಯಿ ಅಂಗೈಯಷ್ಟು ಮಗು ಎತ್ತಿಕೊಂಡು ಕೂತಿದ್ದಳು. 34 ವಾರಕ್ಕೆ ಮೊದಲು ಅಥವಾ 2 ಕೆಜಿಗಿಂತ ಕಮ್ಮಿ ತೂಕಕ್ಕೆ ಹುಟ್ಟಿದ ಮಕ್ಕಳ ರೆಟಿನಾವನ್ನು ತಿಂಗಳೊಳಗೆ ನೋಡಿಸಬೇಕಂತೆ. ನನಗೆ ಅವತ್ತೇ ಗೊತ್ತಾಗಿದ್ದು.

ಬೇಜಾರು ಕಾಯುವುದರದ್ದು. 10 ಗಂಟೆಗೆ ಅಪಾಯಿಂಟ್‌ಮೆಂಟ್, ಕರೆದದ್ದು 1 ದಾಟಿದ ಮೇಲೆ. ಕುರ್ಚಿ ಸಾಲಲ್ಲ. ಹನಿ ಹಾಕಿದ ಮೇಲೆ ಬಿಸಿಲು ಚುಚ್ಚುತ್ತದೆ, ಟೋಪಿ ಒಯ್ಯಿರಿ, ಗಾಡಿ ಓಡಿಸಲು ಜೊತೆಗೊಬ್ಬರಿರಲಿ. ನಾಲ್ಕನೇ ಇಂಜೆಕ್ಷನ್ ಮುಂದಿನ ವಾರ. ಈ ಸಲ ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗುವುದು.